ಕುಣಿಮಗ್ಗ, ಕರೆಂಟು, ಕಾಯ್ದೆ

ಚೊಳಚಗುಡ್ಡದ ಬನಶಂಕರಿ ದೇವಿಗೆ ದೇವಾಂಗ ನೇಕಾರ ಮನೆತನಗಳು ತಲೆಮಾರುಗಳಿಂದ ನಡೆದುಕೊಂಡು ಬಂದಿವೆ. ಬನದ ಹುಣ್ಣಿಮೆಯ ಜಾತ್ರೆಗೆ ಬರುವ ಹೆಣ್ಣುಮಕ್ಕಳ ಮೈಮೇಲಿನ ಸೀರೆ ಇಳಕಲ್ಲಿನದಾದರೆ ಕುಪ್ಪಸದ ಖಣ ಗುಳೇದಗುಡ್ಡದ್ದು. ಈ ಎರಡು ಊರುಗಳ ನಡುವೆ ಕಮತಗಿ, ಸೂಳೇಬಾವಿ, ಅಮೀನಗಡ, ಹುನಗುಂದ ಸೇರಿಕೊಂಡು ಒಂದು ನೇಕಾರಿಕೆಯ ಪಟ್ಟಿಯೇ ಇದೆ. ಬಾದಾಮಿ ಮತ್ತು ಹುನಗುಂದ ಸೀಮೆಯ ಈ ಪಟ್ಟಿಯಲ್ಲಿ ಜೋಳ, ಹತ್ತಿಯ ಬೇಸಾಯದ ಜೊತೆಗೆ ಊಟಕ್ಕೆ ದಾರಿಯಾದದ್ದು ಮಗ್ಗ. ಯಂತ್ರ ಒಳ್ಳೆಯದೋ ಕೆಟ್ಟದ್ದೋ, ವಿದ್ಯುತ್ತು ಯಾರಿಗೆ ಸಿಗಬೇಕು, ದೊಡ್ಡ ಬಂಡವಾಳವನ್ನು ಕಾಯ್ದೆ ಎಷ್ಟರಮಟ್ಟಿಗೆ ತಡೆಯಬೇಕು ಎಂಬ ಪ್ರಶ್ನೆಗಳು ಇಲ್ಲಿ ತಲೆಮಾರುಗಳಿಂದ ಮನೆಯೊಳಗಿನ ಪ್ರಶ್ನೆಗಳು. ಮಗ್ಗ ಇರುವುದೇ ಮನೆಯೊಳಗೆ.

ಇಳಕಲ್ ಸೀರೆಯ ಮಗ್ಗ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಕಾಲುಮಣೆ ತುಳಿಯುತ್ತಾ ನೇಕಾರ ಕೂರುತ್ತಾನೆ. ಹಾಸು ನೆಲಮಟ್ಟದಲ್ಲೇ ಚಾಚಿಕೊಂಡಿರುತ್ತದೆ. ಒಡಲಿನ ಹಾಸು ಸಾಂಪ್ರದಾಯಿಕವಾಗಿ ಹತ್ತಿಯದು, ಸೆರಗಿನ ಹಾಸು ರೇಷ್ಮೆಯದು. ಇವೆರಡೂ ಬೇರೆಬೇರೆಯಾಗಿ ಸಿದ್ಧವಾಗುತ್ತವೆ. ನೇಯುವ ಮೊದಲು ಒಡಲಿನ ಎಳೆಗಳನ್ನು ಸೆರಗಿನ ಎಳೆಗಳಿಗೆ ಕೊಂಡಿ ಹಾಕಿ ಜೋಡಿಸಬೇಕು. ಕೆಂಪು ರೇಷ್ಮೆಯ ನೆಲದ ಮೇಲೆ ಬಿಳಿಯ ವಿನ್ಯಾಸವಿರುವ ಟೋಪ ತೆನಿ ಸೆರಗು ಹೀಗೆ ಹುಟ್ಟುತ್ತದೆ. ಚಿಕ್ಕಿಪರಾಸ, ಗೋಮಿ, ಗಾಡಿದಡಿ ಎಂದು ದಡಿಗಳಿಗೆ ಹೆಸರುಗಳಿವೆ. ನೂಲು ಸುತ್ತುವುದು, ಕಂಡಿಕೆ ಮಾಡುವುದು, ಗಂಜಿ ಹಾಕುವುದು, ಎಳೆ ಜೋಡಿಸುವುದು ಬಹುಪಾಲು ಹೆಂಗಸರ ಕೆಲಸ. ಸೀರೆಯ ಲೆಕ್ಕದಲ್ಲಿ ಈ ದುಡಿಮೆಗೆ ಪ್ರತ್ಯೇಕ ಕೂಲಿ ಕಾಣಿಸುವುದು ಅಪರೂಪ. ಇದು ಈ ಕಸುಬಿನ ಹಳೆಯ ಅನ್ಯಾಯ.

ಒಡಲು, ಸೆರಗುಗಳ ಈ ಕೊಂಡಿಯ ವಿವರ ಮುಖ್ಯ, ಏಕೆಂದರೆ ಕೈಮಗ್ಗ ಮತ್ತು ವಿದ್ಯುತ್ ಮಗ್ಗಗಳ ಮುಂದಿನ ಪೈಪೋಟಿಯ ಮೂಲ ಅಲ್ಲೇ ಇದೆ. ಯಂತ್ರದ ಮಗ್ಗಕ್ಕೆ ಲಾಭವಾಗುವುದು ಉದ್ದನೆಯ ಹಾಸಿನಿಂದ. ಒಮ್ಮೆ ದಿಂಡಿಗೆ ಸುತ್ತಿದರೆ ಹತ್ತಾರು ಸೀರೆ ನಿಲ್ಲದೆ ಇಳಿಯಬೇಕು. ಟೋಪ ತೆನಿ ಸೆರಗಿನ ಸೀರೆಗಾದರೋ ಪ್ರತಿ ಬಾರಿಯೂ ಹೊಸದಾಗಿ ಎಳೆ ಜೋಡಿಸಬೇಕು. ಹಾಗಾಗಿ ಆರು, ಎಂಟು, ಒಂಬತ್ತು ಗಜದಲ್ಲಿ ಎಷ್ಟು ಬೇಕೋ ಅಷ್ಟೇ ಉದ್ದದ, ಒಂದೇ ಸೀರೆಯ ಹಾಸನ್ನು ಇಲ್ಲಿ ಹೂಡುತ್ತಾರೆ. ಯಂತ್ರ ಇಳಕಲ್ ಸೀರೆಯ ಬಣ್ಣವನ್ನು, ದಡಿಯನ್ನು, ಒಡಲಿನ ಚೌಕಳಿಯನ್ನು ಸುಲಭವಾಗಿ ತೆಗೆದುಕೊಂಡಿತು. ಕೊಂಡಿ ಹಾಕಿದ ಸೆರಗನ್ನು ಅಷ್ಟು ಸುಲಭವಾಗಿ ತೆಗೆದುಕೊಳ್ಳಲಾಗಲಿಲ್ಲ.

ಯಂತ್ರ ಈ ಸೀಮೆಯಲ್ಲಿ ಮೊದಲು ಕಸಿದುಕೊಂಡ ಕೆಲಸ ನೇಯ್ಗೆಯದಲ್ಲ, ನೂಲುವುದರದು. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಮಿಲ್ಲಿನ ನೂಲು ಬಂದಾಗ ರಾಟಿಯ ಮುಂದೆ ಕೂತಿದ್ದ ಹೆಂಗಸರ ಸಂಪಾದನೆ ನಿಂತಿತು. ನೇಕಾರನಿಗೆ ಆ ನೂಲು ಒಪ್ಪಿಗೆಯಾಯಿತು. ಅದು ಒಂದೇ ಸಮನಾಗಿತ್ತು, ಹರಿಯುವುದು ಕಡಿಮೆ, ಬೆಲೆಯೂ ಕಡಿಮೆ. ಗದಗದಿಂದ ಬಾದಾಮಿ, ಬಾಗಲಕೋಟೆಗಳ ಮೇಲೆ ಹೊಟಗಿಗೆ ಹೋಗುವ ರೈಲುದಾರಿ 1880ರ ದಶಕದಲ್ಲಿ ತೆರೆದ ಮೇಲೆ ಈ ನೂಲು ಇನ್ನೂ ಸಲೀಸಾಗಿ ಬಂದಿತು. ಅದೇ ದಶಕದಲ್ಲಿ ಘಟಪ್ರಭಾ ನದಿಯ ಗೋಕಾಕ ಜಲಪಾತದ ನೀರಿನ ಬಲದಿಂದ ನೂಲಿನ ಗಿರಣಿ ಶುರುವಾಯಿತು. 1885ರಲ್ಲಿ ನೋಂದಣಿಯಾದ ಆ ಕಂಪನಿಯ ಹೆಸರಿನಲ್ಲೇ ಜಲಶಕ್ತಿಯೂ ಉತ್ಪಾದನೆಯೂ ಇದ್ದವು. ಘಟಪ್ರಭೆಯ ನೀರು ಕಂಪನಿಯೊಂದರ ಬಂಡವಾಳದ ಭಾಗವಾದದ್ದು ಹೀಗೆ.

ಬಣ್ಣದಲ್ಲೂ ಇದೇ ಆಯಿತು. ಕೆಂಪು ಬಣ್ಣಕ್ಕೆ ದಕ್ಷಿಣಾಪಥದಲ್ಲಿ ಬಳಕೆಯಲ್ಲಿದ್ದದ್ದು ಸುರಂಜಿ ಗಿಡದ ಬೇರು. ಆ ಗಿಡವನ್ನು ಬೆಳೆಯುವ ರೈತರಿದ್ದರು, ಬಣ್ಣ ಹಾಕುವ ಕಸುಬಿನವರಿದ್ದರು. 1868ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿಗಳಾದ ಗ್ರೇಬೆ ಮತ್ತು ಲೀಬರ್‌ಮನ್ ಅಲಿಜರಿನ್ ಎಂಬ ಕೆಂಪು ವಸ್ತುವನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. ಮರುವರ್ಷ ಪೇಟೆಂಟ್ ಪಡೆದ ಬಿಎಎಸ್‌ಎಫ್ ಮುಂತಾದ ಕಂಪನಿಗಳ ಬಣ್ಣ ಕೆಲವೇ ದಶಕಗಳಲ್ಲಿ ಈ ಸೀಮೆಯೂ ಸೇರಿದ್ದ ಮುಂಬಯಿ ಪ್ರಾಂತದ ಪೇಟೆಗಳನ್ನು ತುಂಬಿತು. ರೈತನ ಹೊಲದಿಂದ ಬರುತ್ತಿದ್ದ ಬಣ್ಣ ಡಬ್ಬಿಯಲ್ಲಿ ಬರತೊಡಗಿತು. ನೂಲು ಒಬ್ಬನ ಕೈಯಲ್ಲಿ, ಬಣ್ಣ ಇನ್ನೊಬ್ಬನ ಕೈಯಲ್ಲಿ. ನೇಕಾರನ ಬಳಿ ಉಳಿದದ್ದು ಮಗ್ಗ ಮತ್ತು ಕೈಚಳಕ ಮಾತ್ರ. ಮುಂದೆ ನೂಲು ಕೊಟ್ಟು ಕೂಲಿಗೆ ನೇಯಿಸುವ ಸಾಹುಕಾರನ ಬಲ ಬೆಳೆದದ್ದು ಈ ಎರಡು ಅವಲಂಬನೆಗಳ ಮೇಲೆಯೇ.

ಈ ಸೀಮೆಯ ಹತ್ತಿಗೆ ಸಂಬಂಧಿಸಿದ ಮೊದಮೊದಲ ಕಾಯ್ದೆಗಳಲ್ಲಿ ಒಂದು 1863ರ ಮುಂಬಯಿ ಹತ್ತಿ ವಂಚನೆ ಕಾಯ್ದೆ. ಅಮೆರಿಕದ ಅಂತರ್ಯುದ್ಧದಿಂದಾಗಿ ಲ್ಯಾಂಕಾಶೈರಿನ ಗಿರಣಿಗಳಿಗೆ ಹತ್ತಿ ಸಿಗದಂತಾಗಿ ಧಾರವಾಡ ಸೀಮೆಯ ಹತ್ತಿಗೆ ಬೆಲೆ ಏರಿತ್ತು. ಜೊತೆಗೆ ಕಲಬೆರಕೆಯೂ ಹೆಚ್ಚಿತ್ತು. ಕಲಬೆರಕೆಯನ್ನು ಹಿಡಿಯಲು ಸರ್ಕಾರ ತಪಾಸಣಾಧಿಕಾರಿಗಳನ್ನು ನೇಮಿಸಿತು. ಇಂಗ್ಲೆಂಡಿನಲ್ಲಿ ಹತ್ತಿ ಕೊಳ್ಳುವವನಿಗೆ ಮೋಸವಾಗಬಾರದು ಎಂಬ ಕಾಳಜಿ ಆ ಕಾಯ್ದೆಯಲ್ಲಿತ್ತು. ಅದೇ ಹತ್ತಿಯ ಬೆಲೆ ಏರಿದ್ದರಿಂದ ಕೈಕಟ್ಟಿ ಕೂತ ಊರಿನ ನೇಕಾರನ ಕಾಳಜಿ ಅದರಲ್ಲಿರಲಿಲ್ಲ. ಹದಿಮೂರು ವರ್ಷಗಳ ನಂತರ, 1876ರಿಂದ 1878ರವರೆಗಿನ ಬರದಲ್ಲಿ, ಬಾದಾಮಿ ಮತ್ತು ಹುನಗುಂದಗಳನ್ನು ಒಳಗೊಂಡಿದ್ದ ಅಂದಿನ ಕಲಾದಗಿ ಜಿಲ್ಲೆ ಅತಿ ಹೆಚ್ಚು ಸಂಕಟಪಟ್ಟ ಜಿಲ್ಲೆಗಳಲ್ಲಿ ಒಂದಾಯಿತು. 1872 ಮತ್ತು 1881ರ ಜನಗಣತಿಗಳ ನಡುವೆ ಅಲ್ಲಿಯ ಜನಸಂಖ್ಯೆ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಕುಸಿಯಿತು. ಬರದಲ್ಲಿ ಮೊದಲು ನಿಲ್ಲುವ ಖರ್ಚು ಬಟ್ಟೆಯದು. ಹೊಲವಿಲ್ಲದ ನೇಕಾರನಿಗೆ ಮಳೆ ಹೋದ ವರ್ಷವೇ ಗಿರಾಕಿಯೂ ಹೋಗುತ್ತಾನೆ.

ನೇಕಾರರ ನೆರವಿಗೆ ಬಂದ ಮೊದಲ ಕಾಯ್ದೆಯೆಂದರೆ ಸಹಕಾರದ್ದು. 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆಯಡಿ ಮರುವರ್ಷವೇ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಸಂಘ ಹುಟ್ಟಿತು. ಅದು ರೈತರ ಸಂಘವಾಗಿತ್ತು. 1912ರ ಕಾಯ್ದೆ ಪತ್ತಿನಾಚೆಗಿನ ಸಹಕಾರಕ್ಕೂ ಅವಕಾಶ ಕೊಟ್ಟ ಮೇಲೆ ನೇಕಾರರ ಸಂಘಗಳಿಗೂ ದಾರಿಯಾಯಿತು. ನೂಲನ್ನು ಒಟ್ಟಾಗಿ ಕೊಂಡು ಸೀರೆಯನ್ನು ಒಟ್ಟಾಗಿ ಮಾರಿದರೆ ಸಾಹುಕಾರನ ಹಂಗು ತಪ್ಪುತ್ತದೆ ಎಂಬುದು ಆ ಸಂಘಗಳ ಆಶಯ. ಆಶಯ ಸರಿಯಾಗಿಯೇ ಇತ್ತು. ಆದರೆ ಸಂಘಕ್ಕೆ ಕೈಬಂಡವಾಳ ಸಾಲದೆ ಹೋದಾಗ ನೇಕಾರ ಮತ್ತೆ ಸಾಹುಕಾರನ ಬಾಗಿಲಿಗೇ ಹೋಗಬೇಕಾಗುತ್ತಿತ್ತು. ಮದುವೆ, ಕಾಯಿಲೆಗಳಿಗೆ ಕೈಗಡ ಕೊಡುತ್ತಿದ್ದವನು ಅವನೇ.

ಅದೇ 1904ರಲ್ಲಿ ಇನ್ನೊಂದು ದಿಕ್ಕಿನಿಂದ ಬದಲಾವಣೆ ಬಂದಿತು. ಇಂದಿನ ಮಹಾರಾಷ್ಟ್ರದ ಗಡಿಯಲ್ಲಿರುವ, ಕನ್ನಡದ ಒಡನಾಟವಿರುವ ಇಚಲಕರಂಜಿಯಲ್ಲಿ ವಿಠ್ಠಲರಾವ್ ದಾತಾರ್ ಮೊದಲ ಪಾವರ್‌ಲೂಮ್ ಹೂಡಿದರು. ಇಂಗ್ಲೆಂಡಿನಲ್ಲಿ ಎಡ್ಮಂಡ್ ಕಾರ್ಟ್‌ರೈಟ್ 1785ರಲ್ಲೇ ಪಡೆದ ಪೇಟೆಂಟಿನಿಂದ ಬೆಳೆದ ಯಂತ್ರ ಅಲ್ಲಿ ದೊಡ್ಡ ಗಿರಣಿಗಳಲ್ಲಿತ್ತು. ಇಲ್ಲಿ ಅದು ಪುಟ್ಟ ಚಪ್ಪರಗಳಿಗೆ, ಮನೆಯ ಪಡಸಾಲೆಗಳಿಗೆ ಬಂದಿತು. ರಬಕವಿ, ಬನಹಟ್ಟಿ, ತೇರದಾಳ, ಮಹಾಲಿಂಗಪುರಗಳು ಕ್ರಮೇಣ ಈ ಮಗ್ಗವನ್ನೇ ನೆಚ್ಚಿಕೊಂಡವು. ಗುಳೇದಗುಡ್ಡ ಮತ್ತು ಇಳಕಲ್ ಕೈಮಗ್ಗದಲ್ಲಿ ಇನ್ನಷ್ಟು ಕಾಲ ಉಳಿದವು. ಇಂದು ಒಂದೇ ಬಾಗಲಕೋಟೆ ಜಿಲ್ಲೆಯಲ್ಲಿ ಎರಡೂ ಬಗೆಯ ನೇಕಾರರಿದ್ದಾರೆ. ಇಬ್ಬರೂ ಬಡವರೇ ಎಂಬುದನ್ನು ಮರೆತರೆ ಮುಂದಿನ ಕಾಯ್ದೆಗಳ ಕಥೆ ಅರ್ಥವಾಗುವುದಿಲ್ಲ.

ಸ್ವಾತಂತ್ರ್ಯಾನಂತರ ಸರ್ಕಾರದ ಮನಸ್ಸೂ ಇಬ್ಭಾಗವಾಗಿತ್ತು. 1950ರಲ್ಲಿ ದಡಿಯಿರುವ ಕೆಲವು ಬಗೆಯ ಸೀರೆ, ಧೋತರಗಳನ್ನು ನೇಯದಂತೆ ಗಿರಣಿಗಳನ್ನು ತಡೆದು ಅವನ್ನು ಕೈಮಗ್ಗಕ್ಕೆ ಮೀಸಲಿಡಲಾಯಿತು. 1953ರ ಕಾಯ್ದೆ ಗಿರಣಿ ಬಟ್ಟೆಯ ಮೇಲೆ ಗಜಕ್ಕೆ ಮೂರು ಪೈ ಹೆಚ್ಚುವರಿ ಸುಂಕ ಹಾಕಿ ಆ ಹಣವನ್ನು ಖಾದಿ, ಕೈಮಗ್ಗಗಳಿಗೆ ಕೊಟ್ಟಿತು. ಮರುವರ್ಷ ಸರ್ಕಾರವೇ ನೇಮಿಸಿದ್ದ ಕಾನೂಂಗೊ ಸಮಿತಿಯು ಕೈಮಗ್ಗಗಳು ಕಾಲಕ್ರಮದಲ್ಲಿ ವಿದ್ಯುತ್ ಮಗ್ಗಗಳಾಗುವುದೇ ಸರಿ ಎಂದಿತು. 1955ರ ಕರ್ವೆ ಸಮಿತಿ ಉದ್ಯೋಗದ ಲೆಕ್ಕ ಹಿಡಿದು ಕೈಮಗ್ಗದ ಪರ ನಿಂತಿತು. ಈ ಎರಡು ವರದಿಗಳ ವಾದ ಮಗ್ಗದ ಮನೆಗಳಲ್ಲಿಯೂ ನಡೆಯುತ್ತಲೇ ಬಂದಿದೆ. ದಿನವಿಡೀ ಕುಣಿಯಲ್ಲಿ ಕೂತು ಸೊಂಟ ನೋಯಿಸಿಕೊಂಡ ತಂದೆ, ಮಗ ಪಾವರ್‌ಲೂಮ್ ಹೂಡಲಿ ಎನ್ನುತ್ತಾನೆ. ಹತ್ತು ಮನೆಯ ಕೆಲಸ ಒಂದು ಮನೆಗೆ ಹೋದರೆ ಉಳಿದ ಒಂಬತ್ತು ಮನೆಯವರು ಎಲ್ಲಿಗೆ ಹೋಗಬೇಕು ಎಂದು ನೆರೆಮನೆಯವನು ಕೇಳುತ್ತಾನೆ. ಇಬ್ಬರ ಮಾತಿನಲ್ಲೂ ಅನುಭವದ ತೂಕವಿದೆ. ಯಂತ್ರದ ವಿರೋಧವೆಂದರೆ ಅಜ್ಞಾನ ಎನ್ನುವ ಪಟ್ಟಣದ ತೀರ್ಪು ಈ ಮನೆಗಳಿಗೆ ಹೊಂದುವುದಿಲ್ಲ.

ವಿದ್ಯುತ್ ಮಂಡಳಿಯ ತಂತಿ ಊರೂರಿಗೆ ಮುಟ್ಟಿದ ಮೇಲೆ ಪ್ರಶ್ನೆ ತೀವ್ರವಾಯಿತು. ಕರೆಂಟು ಇದ್ದರೆ ಪಾವರ್‌ಲೂಮ್ ದಿನಕ್ಕೆ ಹಲವು ಸೀರೆ ಇಳಿಸುತ್ತದೆ. ಕುಣಿಮಗ್ಗದ ಒಂದು ಸೀರೆಗೆ, ಸೆರಗು ಮತ್ತು ದಡಿಯ ಕುಸುರಿಗೆ ತಕ್ಕಂತೆ, ವಾರದವರೆಗೂ ಹಿಡಿಯುತ್ತದೆ. ಕರೆಂಟು ಹೋದಾಗ ಮಾತ್ರ ಲೆಕ್ಕ ತಿರುಗುತ್ತದೆ. ಸಾಲ ತಂದು ಯಂತ್ರ ಹೂಡಿದವನು ಕತ್ತಲಲ್ಲಿ ಬಡ್ಡಿ ಎಣಿಸುತ್ತಾನೆ, ಕುಣಿಮಗ್ಗದವನು ಬೆಳಕಿರುವಷ್ಟು ಹೊತ್ತು ನೇಯುತ್ತಾನೆ. 1975ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ಸಹಕಾರ ಸಂಘಗಳ ಹೊರಗಿದ್ದ ನೇಕಾರರಿಗೆ ನೂಲು ಕೊಟ್ಟು ಬಟ್ಟೆ ಕೊಳ್ಳುವ ವ್ಯವಸ್ಥೆ ಮಾಡಿತು. ಶಾಲಾ ಮಕ್ಕಳ ಸಮವಸ್ತ್ರದ ಬಟ್ಟೆ ಬಹುಕಾಲ ಇಂಥ ಮಗ್ಗಗಳ ಕೆಲಸವನ್ನು ಕಾಯ್ದಿತು.

ಸಂಸತ್ತು 1985ರಲ್ಲಿ ಕೈಮಗ್ಗ (ಉತ್ಪಾದನೆಗಾಗಿ ವಸ್ತುಗಳ ಮೀಸಲಾತಿ) ಕಾಯ್ದೆಯನ್ನು ಅಂಗೀಕರಿಸಿತು. ಮರುವರ್ಷದ ಆದೇಶ 22 ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆ ಮೀಸಲಿಟ್ಟಿತು. ದಡಿ ಮತ್ತು ಸೆರಗಿನ ವಿನ್ಯಾಸವುಳ್ಳ ಸೀರೆಗಳು ಅದರ ತಿರುಳು. ಮೀಸಲು ಬಟ್ಟೆಯನ್ನು ಯಂತ್ರದಲ್ಲಿ ನೇಯ್ದರೆ ಆರು ತಿಂಗಳವರೆಗೆ ಸೆರೆ, ಮಗ್ಗವೊಂದಕ್ಕೆ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಎಂದು ಕಾಯ್ದೆ ರೂಪುಗೊಂಡಾಗ ಬರೆಯಲಾಯಿತು. ಗಿರಣಿಗಳ ಮತ್ತು ಪಾವರ್‌ಲೂಮ್‌ಗಳ ಮಾಲೀಕರು ನ್ಯಾಯಾಲಯಗಳಿಗೆ ಹೋಗಿ ತಡೆಯಾಜ್ಞೆ ತಂದರು. ಕಾಯ್ದೆ ಕಾಗದದಲ್ಲೇ ಉಳಿಯಿತು. 1993ರ ಫೆಬ್ರುವರಿಯಲ್ಲಿ ಪರ್ವೇಜ್ ಅಖ್ತರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆ ಸಂವಿಧಾನಬದ್ಧವೆಂದು ಎತ್ತಿಹಿಡಿಯಿತು. ಆ ಏಳೆಂಟು ವರ್ಷಗಳಲ್ಲಿ ಪೇಟೆ ಯಂತ್ರದ ಸೀರೆಗೆ ಒಗ್ಗಿಹೋಗಿತ್ತು. 1996ರಲ್ಲಿ ಮೀಸಲು ಪಟ್ಟಿ 22ರಿಂದ 11ಕ್ಕೆ ಇಳಿಯಿತು. ತಡವಾಗಿ ಬಂದ ಗೆಲುವು ಅರ್ಧವಾಗಿ ಕೈಸೇರಿತು.

ನೂಲಿನ ಕಾನೂನೂ ಹೀಗೆಯೇ ಸವೆಯಿತು. ಕೈಮಗ್ಗಕ್ಕೆ ಬೇಕಾದದ್ದು ಲಡಿ ನೂಲು, ಪಾವರ್‌ಲೂಮ್‌ಗೆ ಬೇಕಾದದ್ದು ಕೋನಿಗೆ ಸುತ್ತಿದ ನೂಲು. ದೇಶದೊಳಗೆ ಮಾರುವ ನೂಲಿನಲ್ಲಿ ಶೇ 50ರಷ್ಟನ್ನು ಗಿರಣಿಗಳು ಲಡಿಯಾಗಿ ಕೊಡಬೇಕೆಂಬ ನಿಯಮವಿತ್ತು. ಅದು 2003ರಲ್ಲಿ ಶೇ 40ಕ್ಕೆ, ಮುಂದೆ ಶೇ 30ಕ್ಕೆ ಇಳಿಯಿತು. ದೊಡ್ಡ ಗಿರಣಿಗಳ ಬಲ ಕಾಣಿಸುವುದು ಇಂಥ ಸಣ್ಣ ತಿದ್ದುಪಡಿಗಳಲ್ಲಿ.

ಭೌಗೋಳಿಕ ಸೂಚಕಗಳ ಕಾಯ್ದೆ 1999ರಲ್ಲಿ ಬಂದು 2003ರಲ್ಲಿ ಜಾರಿಯಾಯಿತು. ಅದರಡಿ 2007ರ ಸುಮಾರಿಗೆ ಇಳಕಲ್ ಸೀರೆಗೆ ನೋಂದಣಿ ದೊರೆಯಿತು. ಗುಳೇದಗುಡ್ಡ ಖಣಕ್ಕೂ ಆ ಮಾನ್ಯತೆ ಸಿಕ್ಕಿದೆ. ಮೀಸಲು ಕಾಯ್ದೆ ಹೇಗೆ ನೇಯಬೇಕು ಎಂಬುದನ್ನು ನೋಡಿದರೆ ಈ ಕಾಯ್ದೆ ಯಾವ ಹೆಸರಿನಲ್ಲಿ ಮಾರಬೇಕು ಎಂಬುದನ್ನು ನೋಡುತ್ತದೆ. ಬೇರೆ ಊರಿನ ಯಂತ್ರದ ಸೀರೆಯನ್ನು ಇಳಕಲ್ ಎಂದು ಮಾರಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಶಿಕ್ಷೆಯ ವಿಧಿಯಿದೆ. ಆದರೆ ದೂರು ಕೊಡುವವರು ಯಾರು? ಕೂಲಿಗೆ ನೇಯುವವನು ಸೂರತ್ತಿನ ವ್ಯಾಪಾರಿಯ ಮೇಲೆ ಮೊಕದ್ದಮೆ ಹೂಡಲು ವಾರದ ಕೂಲಿ ಬಿಡಬೇಕು. ಹೆಸರಿನ ಹಕ್ಕು ಊರಿಗೆ ಸೇರಿದೆ, ಅದನ್ನು ಕಾಯುವ ಖರ್ಚು ಯಾರಿಗೂ ಸೇರಿಲ್ಲ. ಈ ಕಾಯ್ದೆಯ ದೊಡ್ಡ ಕೊರತೆ ಅದು.

ಕಳೆದ ದಶಕದಲ್ಲಿ ವಿವಾದ ಕೈಮಗ್ಗದ ವ್ಯಾಖ್ಯೆಗೇ ಬಂದಿತು. 1985ರ ಕಾಯ್ದೆಯ ಪ್ರಕಾರ ಪಾವರ್‌ಲೂಮ್ ಅಲ್ಲದ ಮಗ್ಗವೆಲ್ಲ ಕೈಮಗ್ಗ. ನೇಯ್ಗೆಯ ಒಂದು ಹಂತದಲ್ಲಾದರೂ ಮನುಷ್ಯನ ಕೈ ಇದ್ದರೆ ಮೋಟಾರಿನ ಮಗ್ಗವನ್ನೂ ಕೈಮಗ್ಗವೆನ್ನಬಹುದು ಎಂಬ ಪ್ರಸ್ತಾಪ 2010ರ ದಶಕದ ಆರಂಭದಲ್ಲಿ ಕೇಳಿಬಂದಿತು. ದುಡಿಮೆಯ ಭಾರ ಇಳಿಯುತ್ತದೆ ಎಂಬುದು ಅದರ ಪರವಾದ ವಾದ. ನೇಕಾರರ ಸಂಘಟನೆಗಳು ತೀವ್ರವಾಗಿ ವಿರೋಧಿಸಿದವು. ಹಾಗೆ ಒಪ್ಪಿಕೊಂಡರೆ ಮೀಸಲಾತಿಯ ಅಡಿಪಾಯವೇ ಕುಸಿಯುತ್ತದೆ ಎಂಬ ಅವರ ಆತಂಕ ನ್ಯಾಯವಾದದ್ದು. 2020ರಲ್ಲಿ ಅಖಿಲ ಭಾರತ ಕೈಮಗ್ಗ ಮಂಡಳಿಯನ್ನೇ ಕೇಂದ್ರ ಸರ್ಕಾರ ರದ್ದುಪಡಿಸಿದಾಗ, ಇಂಥ ಮಾತನ್ನು ಸರ್ಕಾರದ ಎದುರು ಕೂತು ಆಡಲು ಇದ್ದ ಒಂದು ವೇದಿಕೆಯೂ ಇಲ್ಲವಾಯಿತು.

ರಾಜ್ಯದ ನೆರವೂ ಈಗ ವಿದ್ಯುತ್ತಿನ ಸುತ್ತಲೇ ತಿರುಗುತ್ತದೆ. ಸಣ್ಣ ಪಾವರ್‌ಲೂಮ್‌ಗಳಿಗೆ ಯೂನಿಟ್ಟಿಗೆ 1.25 ರೂಪಾಯಿಯ ರಿಯಾಯಿತಿ ದರ ಹಲವು ವರ್ಷ ನಡೆಯಿತು. 2023ರಲ್ಲಿ 10 ಎಚ್‌ಪಿವರೆಗಿನ ಘಟಕಗಳಿಗೆ ತಿಂಗಳಿಗೆ 250 ಯೂನಿಟ್‌ವರೆಗೆ ಉಚಿತ ವಿದ್ಯುತ್ ಘೋಷಣೆಯಾಯಿತು. ನೇಕಾರ ಕುಟುಂಬಗಳು ವರ್ಷಗಳಿಂದ ಕೇಳುತ್ತಿದ್ದದ್ದು ಅದನ್ನೇ. ರಬಕವಿ, ಬನಹಟ್ಟಿಗಳ ಮನೆಗಳಿಗೆ ಅದು ನಿಜವಾದ ಆಸರೆ. ಮಗ್ಗಕ್ಕೆ ವಿದ್ಯುತ್ತನ್ನೇ ಬಳಸದ ಕುಣಿಮಗ್ಗದವನಿಗೆ ಈ ರಿಯಾಯಿತಿಯಿಂದ ಏನೂ ಬರುವುದಿಲ್ಲ. ಅವನಿಗಿರುವುದು 2020ರಲ್ಲಿ ವರ್ಷಕ್ಕೆ 2,000 ರೂಪಾಯಿಯಿಂದ ಶುರುವಾಗಿ ಮುಂದೆ 5,000 ರೂಪಾಯಿಗೆ ಏರಿದ ನೇಕಾರ ಸಮ್ಮಾನ್ ಯೋಜನೆಯ ಹಣ. ಯಂತ್ರದ ಸೀರೆಯ ಬೆಲೆ ಸರ್ಕಾರದ ಕರೆಂಟಿನಿಂದ ಇಳಿಯುತ್ತದೆ, ಕೈಯ ಸೀರೆ ಅದೇ ಪೇಟೆಯಲ್ಲಿ ಅದರ ಪಕ್ಕದಲ್ಲಿ ನಿಲ್ಲಬೇಕು. ಕೈಯ ಶಕ್ತಿಯನ್ನೂ ಶಕ್ತಿಯೆಂದು ಎಣಿಸಿ, ಒಂದು ಸೀರೆಗೆ ಇಷ್ಟು ಎಂದು ಸಹಾಯಧನ ಕೊಡುವ ಕ್ರಮ ಇನ್ನೂ ಬಂದಿಲ್ಲ.