ಪ್ರೀಸ್ಕೂಲ್ ಆಯ್ಕೆ: ಆಟವೋ, ಪಾಠವೋ? ಫಾರ್ವರ್ಡ್‌ಗಳಲ್ಲಿ ಎಷ್ಟು ನಿಜ?

ಡಿಸೆಂಬರ್ ಬಂತೆಂದರೆ 'ಅಡ್ಮಿಷನ್ ಓಪನ್' ಬ್ಯಾನರ್‌ಗಳು ಕಾಣಿಸಿಕೊಳ್ಳುತ್ತವೆ. ಅದರ ಹಿಂದೆಯೇ ಫ್ಯಾಮಿಲಿ ಗ್ರೂಪ್‌ಗಳಿಗೆ ಎರಡು ಬಗೆಯ ಮೆಸೇಜ್‌ಗಳೂ ಬರುತ್ತವೆ. ಒಂದರಲ್ಲಿ 3 ವರ್ಷದ ಮಗು ನೂರರವರೆಗೆ ಪಟಪಟನೆ ಎಣಿಸುತ್ತದೆ. ಕೆಳಗೆ 'ನಿಮ್ಮ ಮಗು ಹಿಂದೆ ಬೀಳದಿರಲಿ' ಎಂಬ ಸಾಲು. ಇನ್ನೊಂದರಲ್ಲಿ ಪುಟ್ಟ ಕೈಯ ಎಕ್ಸ್‌ರೇ. ಜೊತೆಗೆ '7 ವರ್ಷದವರೆಗೆ ಮಕ್ಕಳ ಕೈಗೆ ಪೆನ್ಸಿಲ್ ಕೊಡಲೇಬೇಡಿ' ಎಂಬ ಎಚ್ಚರಿಕೆ. ಇವುಗಳಲ್ಲಿ ಯಾವುದನ್ನು ನಂಬಬೇಕು? ನಾವು ಎರಡನ್ನೂ ಪರಿಶೀಲಿಸೋಣ.

ಹೇಳಿಕೆ 1: ಬೇಗ ಕಲಿತ ಮಗುವೇ ಮುಂದೆ

ಸಂಖ್ಯೆಗಳ ಹೆಸರು ಹೇಳುವುದು ಬೇರೆ, ಸಂಖ್ಯೆ ಅರ್ಥವಾಗುವುದು ಬೇರೆ. ಹತ್ತರವರೆಗೆ ತಪ್ಪಿಲ್ಲದೆ ಹೇಳುವ 3 ವರ್ಷದ ಮಗುವಿಗೆ 'ಐದು ಹುಣಸೆಬೀಜ ಕೊಡು ಪುಟ್ಟ' ಎಂದು ಕೇಳಿ ನೋಡಿ. ಎಷ್ಟೋ ಮಕ್ಕಳು ಕೈಗೆ ಸಿಕ್ಕಷ್ಟನ್ನು ಹಿಡಿದು ಕೊಡುತ್ತಾರೆ. ಇದು ಮಗುವಿನ ತಪ್ಪಲ್ಲ, ಆ ವಯಸ್ಸೇ ಹಾಗೆ. 'ಐದು' ಎಂದರೆ ಎಷ್ಟು ಎಂಬುದು ವಸ್ತುಗಳನ್ನು ಮುಟ್ಟಿ, ಎಣಿಸಿ, ಹಂಚಿ ಆಡಿದಾಗ ನಿಧಾನವಾಗಿ ತಿಳಿಯುತ್ತದೆ. ಆದ್ದರಿಂದ ಬಾಯಿಪಾಠದ ವಿಡಿಯೊ ಮಗುವಿನ ಜ್ಞಾಪಕಶಕ್ತಿಯನ್ನು ತೋರಿಸುತ್ತದೆಯೇ ಹೊರತು ಲೆಕ್ಕದ ತಿಳಿವಳಿಕೆಯನ್ನಲ್ಲ.

ಹೇಳಿಕೆ 2: ಮೂಳೆ ಬೆಳೆಯದ ಕೈಯಲ್ಲಿ ಬರೆಸಬಾರದು

ಎಕ್ಸ್‌ರೇ ಸುಳ್ಳಲ್ಲ. ನಮ್ಮ ಮಣಿಕಟ್ಟಿನಲ್ಲಿ 8 ಸಣ್ಣ ಮೂಳೆಗಳಿವೆ. ಮಗು ಹುಟ್ಟಿದಾಗ ಅವು ಮೃದ್ವಸ್ಥಿಯ ರೂಪದಲ್ಲಿರುತ್ತವೆ. ಮೃದ್ವಸ್ಥಿ ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣದ ಕಾರಣ ಆ ಜಾಗ ಖಾಲಿಯಿದ್ದಂತೆ ತೋರುತ್ತದೆ. ಅವು ಒಂದೊಂದಾಗಿ ಗಟ್ಟಿಯಾಗುತ್ತವೆ. ಕೊನೆಯ ಮೂಳೆ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ 8ರಿಂದ 12 ವರ್ಷದ ನಡುವೆ.

ಆದರೆ ಅದರಿಂದ ತೆಗೆದ ತೀರ್ಮಾನ ಸರಿಯಲ್ಲ. ಎಲ್ಲ ಮೂಳೆ ಗಟ್ಟಿಯಾದ ಮೇಲೆಯೇ ಬರೆಯಬೇಕೆಂದರೆ 2ನೇ ತರಗತಿಯ ಮಕ್ಕಳೂ ಬರೆಯುವಂತಿಲ್ಲ! ಚಿಕ್ಕ ಮಕ್ಕಳಿಗೆ ಅಕ್ಷರ ಬರೆಯುವುದು ಕಷ್ಟವಾಗಲು ಮುಖ್ಯ ಕಾರಣ ಬೆರಳುಗಳ ಹಿಡಿತ, ಕಣ್ಣು–ಕೈಗಳ ಹೊಂದಾಣಿಕೆ ಇನ್ನೂ ಪಳಗಿರದೇ ಇರುವುದು. ಕ್ರೇಯಾನ್‌ನಲ್ಲಿ ಗೀಚುವುದು, ಜೇಡಿಮಣ್ಣು ಅಥವಾ ಚಪಾತಿ ಹಿಟ್ಟು ನಾದುವುದು, ಮಣಿ ಪೋಣಿಸುವುದು, ಕಾಗದ ಹರಿದು ಅಂಟಿಸುವುದು ಇವೆಲ್ಲ ಬರವಣಿಗೆಗೆ ತಯಾರಿಯೇ. ಬೇಡವಾದದ್ದು ಪೆನ್ಸಿಲ್ ಅಲ್ಲ, 3 ವರ್ಷದ ಮಗುವಿನ ಕೈಯಲ್ಲಿ ಪುಟಗಟ್ಟಲೆ ಕಾಪಿ ಬರೆಸುವುದು.

ಹಾಗಾದರೆ ಬರೀ ಆಟ ಸಾಕೇ?

ಮಕ್ಕಳು ತಾವಾಗಿಯೇ ಆಡುವ ಆಟ ಅವರಿಗೆ ಬೇಕೇ ಬೇಕು. ಆದರೆ ಒಂದು ಕೋಣೆ ತುಂಬ ಆಟಿಕೆ ಸುರಿದು, ಟೀಚರ್ ಮೂಲೆಯಲ್ಲಿ ಮೊಬೈಲ್ ನೋಡುತ್ತಾ ಕುಳಿತರೆ ಅದು ಆಟದ ಮೂಲಕ ಕಲಿಕೆ ಆಗುವುದಿಲ್ಲ.

ಇವೆರಡರ ನಡುವೆ ಇನ್ನೊಂದು ದಾರಿ ಇದೆ. ಆಟ ಮಗುವಿನದೇ, ಗುರಿ ಮಾತ್ರ ಟೀಚರ್ ಮನಸ್ಸಿನಲ್ಲಿರುತ್ತದೆ. ಇದನ್ನು 'ಮಾರ್ಗದರ್ಶಿತ ಆಟ' ಎನ್ನುತ್ತಾರೆ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ 8 ವರ್ಷದವರೆಗಿನ ಮಕ್ಕಳ ಕುರಿತ 39 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ಆರಂಭಿಕ ಗಣಿತ, ಆಕಾರಗಳ ಅರಿವು, ಒಂದು ಕೆಲಸದಿಂದ ಇನ್ನೊಂದಕ್ಕೆ ಗಮನ ಬದಲಿಸುವ ಸಾಮರ್ಥ್ಯ ಇವುಗಳಲ್ಲಿ ನೇರ ಪಾಠಕ್ಕಿಂತ ಮಾರ್ಗದರ್ಶಿತ ಆಟ ಹೆಚ್ಚು ಫಲ ಕೊಟ್ಟಿತ್ತು. ಎಲ್ಲ ವಿಷಯದಲ್ಲೂ ಇಂಥ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಹೇಳಬೇಕು.

ಇನ್ನೊಂದು ಸ್ವಾರಸ್ಯಕರ ಪ್ರಯೋಗ 2011ರಲ್ಲಿ ಪ್ರಕಟವಾಯಿತು. ಸದ್ದು, ಬೆಳಕು, ಸಂಗೀತ, ಕನ್ನಡಿ ಹೀಗೆ ಹಲವು ಗುಟ್ಟುಗಳಿದ್ದ ಆಟಿಕೆಯೊಂದನ್ನು ಪುಟ್ಟ ಮಕ್ಕಳಿಗೆ ಕೊಟ್ಟರು. 'ಇದು ಕೆಲಸ ಮಾಡೋದು ಹೀಗೆ' ಎಂದು ಒಂದೇ ಗುಟ್ಟನ್ನು ಕಲಿಸಿಕೊಟ್ಟ ಮಕ್ಕಳು ಹೆಚ್ಚಾಗಿ ಅದನ್ನೇ ಮಾಡುತ್ತಾ ಉಳಿದರು. ಹಾಗೆ ಕಲಿಸದ ಮಕ್ಕಳು ಹೆಚ್ಚು ಹುಡುಕಾಡಿ, ಬೇರೆ ಗುಟ್ಟುಗಳನ್ನೂ ಕಂಡುಕೊಂಡರು. ಕಲಿಸುವುದೇ ತಪ್ಪು ಎಂದು ಇದರ ಅರ್ಥವಲ್ಲ. 'ಇಷ್ಟೇ' ಎಂದು ಮುಗಿಸಿಬಿಟ್ಟರೆ ಮಗುವಿನ ಹುಡುಕಾಟವೂ ಅಲ್ಲಿಗೇ ನಿಲ್ಲಬಹುದು.

ತರಗತಿಯಲ್ಲಿ ಇದು ಹೇಗಿರುತ್ತದೆ?

ಮಕ್ಕಳು ಅಂಗಡಿ ಆಟ ಆಡುತ್ತಿದ್ದಾರೆ ಎನ್ನಿ. ಟೀಚರ್ ಗಿರಾಕಿಯಾಗಿ ಬಂದು 'ನಂಗೆ ಮೂರು ಟೊಮೆಟೊ ಕೊಡಿ, ಇನ್ನೊಂದು ಹಾಕಿದ್ರೆ ಎಷ್ಟಾಯ್ತು?' ಎನ್ನುತ್ತಾರೆ. ಎಣಿಕೆ, ಮಾತು, ಸರದಿ ಕಾಯುವುದು ಎಲ್ಲವೂ ಅಲ್ಲಿ ಬಂತು. ಜೊತೆಗೆ ದಿನಕ್ಕೊಂದು ಕಥೆ, ಹಾಡು, ಅಕ್ಷರದ ಸದ್ದು ಗುರುತಿಸುವ 10–15 ನಿಮಿಷದ ಚಟುವಟಿಕೆ, ಊಟ–ವಿಶ್ರಾಂತಿಗೆ ನಿಗದಿತ ಹೊತ್ತು ಇದ್ದರೆ ಆ ವಯಸ್ಸಿಗೆ ಬೇಕಾದ ಶಿಸ್ತು ಅಷ್ಟೇ.

ಶಾಲೆ ನೋಡಲು ಹೋದಾಗ

ತರಗತಿ ನಡೆಯುತ್ತಿರುವಾಗಲೇ ಅರ್ಧ ಗಂಟೆ ನೋಡಲು ಅವಕಾಶ ಕೇಳಿ. ಇವನ್ನು ಗಮನಿಸಿ:

• ಮಾತು ಯಾರದು ಹೆಚ್ಚು? ಮಕ್ಕಳು ಪ್ರಶ್ನೆ ಕೇಳುತ್ತಾರಾ, ಬರೀ ಒಟ್ಟಿಗೆ ಕೂಗಿ ಹೇಳುತ್ತಾರಾ?
• ಗೋಡೆಯ ಮೇಲಿನ ಚಿತ್ರಗಳು ಒಂದೊಂದೂ ಬೇರೆಯಾಗಿವೆಯಾ? ಎಲ್ಲವೂ ಅಚ್ಚೊತ್ತಿದಂತೆ ಒಂದೇ ಥರ ಇದ್ದರೆ ಅದು ಟೀಚರ್ ಕೈಕೆಲಸ.
• ಆಟಿಕೆಗಳು ಮಕ್ಕಳ ಕೈಗೆ ಎಟಕುತ್ತವೆಯೇ, ಗಾಜಿನ ಬೀರುವಿನಲ್ಲಿವೆಯೇ?
• ಅಳುವ ಮಗುವನ್ನು ಹೇಗೆ ಸಂಭಾಲಿಸುತ್ತಾರೆ? ಮನೆಮಾತಿನಲ್ಲಿ ಮಾತಾಡಿದರೆ ಗದರುತ್ತಾರಾ?
• ಒಬ್ಬ ಟೀಚರಿಗೆ ಎಷ್ಟು ಮಕ್ಕಳು? 2013ರ ರಾಷ್ಟ್ರೀಯ ನೀತಿಯ ಪ್ರಕಾರ 3–6 ವರ್ಷದ 20 ಮಕ್ಕಳಿಗೆ ಒಬ್ಬರು, 3 ವರ್ಷದೊಳಗಿನ 10 ಮಕ್ಕಳಿಗೆ ಒಬ್ಬರು ಇರಬೇಕು.
• ಓಡಾಡಲು ಜಾಗ, ಮಕ್ಕಳ ಎತ್ತರದ ಶುಚಿಯಾದ ಶೌಚಾಲಯ, ಭದ್ರವಾದ ಗೇಟು ಇವೆಯೇ?

ಒಂದು ಪ್ರಶ್ನೆ ಕೇಳಲು ಮರೆಯಬೇಡಿ: 'ನಿನ್ನೆ ಮಕ್ಕಳು ಏನು ಆಡಿದ್ರು ಮೇಡಂ, ಅದರಿಂದ ಏನು ಕಲಿತ್ರು?' ಆಟವನ್ನು ಯೋಚಿಸಿ ಆಡಿಸುವ ಟೀಚರ್ ಇದಕ್ಕೆ ತಡವರಿಸದೆ ಉತ್ತರಿಸುತ್ತಾರೆ. ನರ್ಸರಿ ಮಗುವಿಗೆ ಪರೀಕ್ಷೆ, ರ‍್ಯಾಂಕ್, ದಿನವೂ ಹೋಂವರ್ಕ್ ಎಂದರೆ ಹುಷಾರಾಗಿರಿ. ಈ ಹಂತದಲ್ಲಿ ಪರೀಕ್ಷೆ ಬೇಡವೆಂದು ಎನ್‌ಸಿಇಆರ್‌ಟಿ ಮಾರ್ಗಸೂಚಿಯೇ ಹೇಳುತ್ತದೆ.

ಹೆಚ್ಚು ಫೀಸ್ ಇದ್ದರೆ ಒಳ್ಳೆಯ ಶಾಲೆಯೇ?

ಹಾಗೇನಿಲ್ಲ. 'ಮಾಂಟೆಸ್ಸರಿ' ಎಂಬ ಬೋರ್ಡ್ ಇದ್ದ ಮಾತ್ರಕ್ಕೆ ಒಳಗೆ ಆ ಪದ್ಧತಿಯೇ ಇರುತ್ತದೆ ಎಂದೂ ಅಲ್ಲ. ಟೀಚರ್ ತರಬೇತಿ ಎಲ್ಲಿ ಆಯಿತು ಎಂದು ಕೇಳಿ. ಹತ್ತಿರದ ಅಂಗನವಾಡಿಯನ್ನೂ ಒಮ್ಮೆ ನೋಡಿ ಬನ್ನಿ. ನಮ್ಮ ರಾಜ್ಯದ ಅಂಗನವಾಡಿಗಳಲ್ಲಿ ಆಟ, ಹಾಡು, ಕಥೆಗಳನ್ನು ಆಧರಿಸಿದ 'ಚಿಲಿಪಿಲಿ' ಪಠ್ಯಕ್ರಮವಿದೆ. ಅದು ಚೆನ್ನಾಗಿ ನಡೆಯುತ್ತಿದೆಯೇ ಎಂಬುದನ್ನು ಮೇಲಿನ ಪಟ್ಟಿಯಿಂದಲೇ ತಿಳಿಯಬಹುದು.

ಕೊನೆಯ ಮಾತು

ರಾಷ್ಟ್ರೀಯ ಶಿಕ್ಷಣ ನೀತಿ 2020 ಕೂಡ 3ರಿಂದ 8 ವರ್ಷದ ಹಂತಕ್ಕೆ ಆಟ ಮತ್ತು ಚಟುವಟಿಕೆ ಆಧಾರಿತ ಕಲಿಕೆಯನ್ನೇ ಹೇಳುತ್ತದೆ. ಹಾಗಾಗಿ 'ಆಟ ಆಡ್ಸೋಕೆ ಇಷ್ಟು ಫೀಸ್ ಕೊಡ್ಬೇಕಾ?' ಎಂದು ಅಜ್ಜ–ಅಜ್ಜಿ ಕೇಳಿದರೆ, ಆಟದೊಳಗೇ ಪಾಠವಿದೆ ಎಂದು ವಿವರಿಸಿ. ಶಾಲೆಗೆ ಸೇರಿ ಕೆಲವು ವಾರ ಮಗು ಅಳುವುದು ಸಹಜ. ಆದರೆ ತಿಂಗಳುಗಳು ಕಳೆದರೂ ಹೆದರಿಕೆ ಹೋಗದಿದ್ದರೆ ಟೀಚರ್ ಜೊತೆ ಕೂತು ಮಾತಾಡಿ. ಮುಂದಿನ ಬಾರಿ ಆ ಎಕ್ಸ್‌ರೇ ಗ್ರೂಪಿಗೆ ಬಂದರೆ, ಚಿತ್ರ ನಿಜ, ಸಂದೇಶ ಅರ್ಧಸತ್ಯ ಎಂದು ತಿಳಿಸಿ.