ಮೌನಂ ಸಮ್ಮತಿ ಲಕ್ಷಣಂ: ಬೇಡದ ಚಂದಾದ ಚರಿತ್ರೆ

‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಅದನ್ನೇ ವ್ಯಾಪಾರದ ತಂತ್ರವಾಗಿಸಿದರೆ? ಅಂತರಜಾಲದಲ್ಲಿ ಏನನ್ನೋ ಕೊಂಡವರ ಕಾರ್ಡಿನಿಂದ, ತಾವು ಸೇರಿದ್ದೇ ತಿಳಿಯದ ಸದಸ್ಯತ್ವಕ್ಕೆ ತಿಂಗಳು ತಿಂಗಳೂ ಹಣ ಕಡಿತವಾಗುತ್ತದೆ. ಆದರೆ ಈ ತಂತ್ರ ಗಣಕಯಂತ್ರಕ್ಕಿಂತ ಹಳೆಯದು.

1926ರಲ್ಲಿ ಅಮೆರಿಕದ ಹ್ಯಾರಿ ಶೆರ್ಮನ್ ಮತ್ತು ಸಂಗಡಿಗರು ‘ಬುಕ್ ಆಫ್ ದಿ ಮಂತ್ ಕ್ಲಬ್’ ಆರಂಭಿಸಿದರು. ಇಂಥ ಕೂಟಗಳಲ್ಲಿ ಒಂದು ಪದ್ಧತಿ ರೂಢಿಗೆ ಬಂತು. ಮುಂದಿನ ಪುಸ್ತಕದ ಸೂಚನೆ ಅಂಚೆಯಲ್ಲಿ ಬರುತ್ತಿತ್ತು. ‘ಬೇಡ’ ಎಂದು ಉತ್ತರಿಸದಿದ್ದರೆ ಪುಸ್ತಕವೂ ಬಿಲ್ಲೂ ಮನೆಗೆ ಬರುತ್ತಿದ್ದವು. ದೂರುಗಳು ಹೆಚ್ಚಿದಾಗ, 1973ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ನಿಯಮ ರೂಪಿಸಿ, ಉತ್ತರಿಸಲು ಕನಿಷ್ಠ 10 ದಿನಗಳ ಅವಕಾಶ ಕಡ್ಡಾಯಗೊಳಿಸಿತು.

ಈ ತಂತ್ರ ಫಲಿಸುವುದೇಕೆ? ಮೊದಲೇ ನಿಗದಿಯಾದ ಆಯ್ಕೆಯನ್ನು ಬದಲಿಸಲು ಜನ ಮುಂದಾಗುವುದು ಕಡಿಮೆ. ಎರಿಕ್ ಜಾನ್ಸನ್ ಮತ್ತು ಡೇನಿಯಲ್ ಗೋಲ್ಡ್‌ಸ್ಟೀನ್ 2003ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದಕ್ಕೊಂದು ನಿದರ್ಶನ ಕೊಟ್ಟರು. ಅಂಗದಾನಕ್ಕೆ ತಾವಾಗಿಯೇ ಒಪ್ಪಿಗೆ ಸೂಚಿಸಬೇಕಿದ್ದ ಜರ್ಮನಿಯಲ್ಲಿ ದಾನಿಗಳ ಪ್ರಮಾಣ ಶೇ. 12, ಬೇಡವೆನ್ನದವರೆಲ್ಲ ದಾನಿಗಳೇ ಎಂದೆಣಿಸುವ ಆಸ್ಟ್ರಿಯದಲ್ಲಿ ಶೇ. 99ಕ್ಕೂ ಹೆಚ್ಚು!

ಅಂತರಜಾಲ ಈ ಮೌನವನ್ನು ಇನ್ನಷ್ಟು ಸುಲಭಗೊಳಿಸಿತು. ಅಮೆರಿಕದಲ್ಲಿ ಕೆಲವು ಮಳಿಗೆಗಳ ಜಾಲತಾಣಗಳಲ್ಲಿ, ಹಣ ಪಾವತಿಸುವ ಹೊತ್ತಿಗೆ ರಿಯಾಯಿತಿಯ ಆಮಿಷವೊಂದು ತೆರೆಯ ಮೇಲೆ ಮೂಡುತ್ತಿತ್ತು. ಅದನ್ನು ಕ್ಲಿಕ್ಕಿಸಿದವರು ಬೇರೊಂದು ಕಂಪನಿಯ ಉಚಿತ ಪ್ರಾಯೋಗಿಕ ಸದಸ್ಯರಾಗುತ್ತಿದ್ದರು. ಅವರ ಕಾರ್ಡಿನ ಸಂಖ್ಯೆಯನ್ನು ಮಳಿಗೆಯೇ ಆ ಕಂಪನಿಗೆ ದಾಟಿಸುತ್ತಿತ್ತು. ಸಂಖ್ಯೆಯನ್ನು ಮತ್ತೆ ನಮೂದಿಸದ ಗ್ರಾಹಕರಿಗೆ ತಾವು ಹಣ ತೆರಲು ಒಪ್ಪಿದ್ದೇವೆಂಬ ಅರಿವೇ ಇರಲಿಲ್ಲ. ಉಚಿತ ಅವಧಿ ಮುಗಿದೊಡನೆ ಶುಲ್ಕ ಆರಂಭವಾಗುತ್ತಿತ್ತು. ಇಂಥ ಮೂರು ಕಂಪನಿಗಳ ವ್ಯವಹಾರದಲ್ಲಿ 140 ಕೋಟಿ ಡಾಲರಿಗೂ ಹೆಚ್ಚು ಶುಲ್ಕ ವಿಧಿಸಲಾಗಿದೆಯೆಂದು ಸೆನೆಟ್ ಸಮಿತಿಯೊಂದು 2009ರಲ್ಲಿ ವರದಿ ಮಾಡಿತು. 2010ರ ಡಿಸೆಂಬರಿನಲ್ಲಿ ಬಂದ ಕಾಯಿದೆ ಹೀಗೆ ಸಂಖ್ಯೆ ದಾಟಿಸುವುದನ್ನು ನಿಷೇಧಿಸಿತು. ಹೊಸ ಕಂಪನಿ ಷರತ್ತುಗಳನ್ನು ತಿಳಿಸಿ, ಪೂರ್ತಿ ಸಂಖ್ಯೆಯನ್ನು ಗ್ರಾಹಕರಿಂದಲೇ ಪಡೆಯಬೇಕಾಯಿತು. ಬೆರಳಿಗೆ ಸ್ವಲ್ಪ ಕೆಲಸ ಕೊಟ್ಟು ಬುದ್ಧಿಯನ್ನು ಎಚ್ಚರಿಸುವ ಉಪಾಯವಿದು.

ಭಾರತದಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ 13 ಬಗೆಯ ಮೋಸದ ವಿನ್ಯಾಸಗಳನ್ನು ಪಟ್ಟಿಮಾಡಿದೆ. ಚಂದಾ ಬಲೆಯೂ ಅವುಗಳಲ್ಲೊಂದು. ಉಚಿತ ಸೇವೆಗೂ ಪಾವತಿಯ ವಿವರ ಕೇಳುವುದು, ರದ್ದುಮಾಡುವ ದಾರಿಯನ್ನು ಮರೆಮಾಡುವುದು ಇದರ ಲಕ್ಷಣಗಳು.

ಕಾಯಿದೆಯಿದ್ದರೂ ಎಚ್ಚರ ನಮ್ಮದೇ. ‘ಉಚಿತ’ ಎಂದಲ್ಲಿ ಕಾರ್ಡಿನ ಸಂಖ್ಯೆ ಕೇಳಿದರೆ ಒಂದು ಕ್ಷಣ ನಿಲ್ಲೋಣ: ಇಲ್ಲಿ ನಾವು ಸುಮ್ಮನಿದ್ದರೆ ಅದನ್ನು ‘ಹೌದು’ ಎಂದು ಎಣಿಸುತ್ತಾರೆಯೇ, ‘ಇಲ್ಲ’ ಎಂದೇ?