‘ಐಟಿಸ್’ ಪ್ರತ್ಯಯ: ಬಿಟ್ಟುಹೋದ ಒಂದು ವಿಶೇಷ್ಯದ ಜಾಡು

ಆರ್ಥ್ರೈಟಿಸ್, ಹೆಪಟೈಟಿಸ್, ಬ್ರಾಂಕೈಟಿಸ್, ಅಪೆಂಡಿಸೈಟಿಸ್: ಆಸ್ಪತ್ರೆಯ ಚೀಟಿಯಿಂದ ಮನೆಮಾತಿಗೆ ಇಳಿದ ಈ ಹೆಸರುಗಳ ಕೊನೆಯ ‘ಐಟಿಸ್’ಗೆ ನಿಘಂಟುಗಳು ಕೊಡುವ ಅರ್ಥ ‘ಉರಿಯೂತ’. ಇಂದಿನ ವೈದ್ಯರ ಬಳಕೆಗೆ ಇದು ಹೊಂದುತ್ತದೆ. ಆದರೆ ಪ್ರತ್ಯಯದ ಹುಟ್ಟಿನಲ್ಲಿ ಉರಿಯೂ ಇಲ್ಲ, ಊತವೂ ಇಲ್ಲ.

ಗ್ರೀಕ್ ಭಾಷೆಯಲ್ಲಿ ‘ಇಟೀಸ್’ ಎಂಬುದು ನಮ್ಮ ತದ್ಧಿತಗಳಂಥ ಪ್ರತ್ಯಯ. ನಾಮಪದಕ್ಕೆ ಹತ್ತಿದರೆ ‘ಅದಕ್ಕೆ ಸೇರಿದ’ ಎಂಬ ಅರ್ಥ ಬರುತ್ತದೆ. ‘ಇಟಿಸ್’ ಅದರ ಸ್ತ್ರೀಲಿಂಗ ರೂಪ. ಸ್ತ್ರೀಲಿಂಗವೇ ಏಕೆ? ಸಂಸ್ಕೃತದಲ್ಲಿರುವಂತೆ ಗ್ರೀಕಿನಲ್ಲೂ ವಿಶೇಷಣವು ವಿಶೇಷ್ಯದ ಲಿಂಗವನ್ನು ಅನುಸರಿಸಬೇಕು. ರೋಗವನ್ನು ಹೇಳುವ ‘ನೊಸೊಸ್’ ನೋಡಲು ಪುಲ್ಲಿಂಗದಂತಿದ್ದರೂ ಸ್ತ್ರೀಲಿಂಗ ಪದ. ಹಾಗಾಗಿ ಕೀಲಿಗೆ ಸೇರಿದ ರೋಗ ‘ಆರ್ಥ್ರೀಟಿಸ್ ನೊಸೊಸ್’. ಬಳಕೆಯಲ್ಲಿ ವಿಶೇಷ್ಯ ಬಿಟ್ಟುಹೋಯಿತು, ವಿಶೇಷಣವೇ ರೋಗದ ಹೆಸರಾಗಿ ನಿಂತಿತು. ‘ಸಕ್ಕರೆ ಕಾಯಿಲೆ’ಯಲ್ಲಿನ ಕಾಯಿಲೆಯನ್ನು ಬಿಟ್ಟು ‘ಅವರಿಗೆ ಸಕ್ಕರೆ ಇದೆ’ ಎಂದು ನಾವು ಆಡುವುದೂ ಇದೇ ಬಗೆ.

ಇದಕ್ಕೆ ಪುಷ್ಟಿ ಕೊಡುವ ಸಾಕ್ಷ್ಯ ಕಲ್ಲಿನ ಹೆಸರುಗಳಲ್ಲಿದೆ. ಡಯೋಸ್ಕೋರಿಡೀಸನ ಔಷಧಗ್ರಂಥದಲ್ಲಿ ಕಲ್ಲು ಎಂಬರ್ಥದ ‘ಲಿಥೊಸ್’ ಪುಲ್ಲಿಂಗ. ಆದ್ದರಿಂದ ಅಲ್ಲಿ ರಕ್ತವರ್ಣದ ಕಲ್ಲು ‘ಹೈಮಟೀಟೀಸ್’. ಸಂಡೂರಿನ ಗಣಿಗಳ ಅದಿರಿಗೆ ನಾವು ಹೇಳುವ ‘ಹೆಮಟೈಟ್’ ಅದರಿಂದಲೇ ಬಂದದ್ದು. ಕೀಲುನೋವಿನ ಹೆಸರೂ ಕಬ್ಬಿಣದ ಅದಿರಿನ ಹೆಸರೂ ಒಂದೇ ಪ್ರತ್ಯಯದ ಎರಡು ರೂಪಗಳಲ್ಲಿ ಕೊನೆಗೊಳ್ಳುತ್ತವೆ.

ಉರಿಯೂತಕ್ಕೆ ಗ್ರೀಕರಲ್ಲಿ ‘ಫ್ಲೆಗ್ಮೊನೆ’ ಎಂಬ ಬೇರೆಯೇ ಪದವಿತ್ತು. ಹಿಪ್ಪಾಕ್ರಟೀಸನ ಹೆಸರಿನ ಗ್ರಂಥಗಳಲ್ಲಿ ಬರುವ ‘ಫ್ರೆನೀಟಿಸ್’ ಎಂದರೆ ಜ್ವರದೊಂದಿಗೆ ಬುದ್ಧಿಭ್ರಮಣೆ. ‘ಪ್ಲ್ಯೂರೀಟಿಸ್’ ಎಂದರೆ ಪಕ್ಕೆಯ ಬೇನೆ. ಯಾವುದರಲ್ಲೂ ಪ್ರತ್ಯಯ ತಾನಾಗಿ ಉರಿಯೂತವನ್ನು ಹೇಳುವುದಿಲ್ಲ. ಹಾಗೆ ಹೆಸರಾದ ಹಲವು ರೋಗಗಳಲ್ಲಿ ಉರಿಯೂತವೇ ಮುಖ್ಯವೆಂದು ಮುಂದಿನ ವೈದ್ಯರು ಕಂಡುಕೊಂಡ ಮೇಲೆ ಆ ಅರ್ಥ ಪ್ರತ್ಯಯಕ್ಕೇ ಅಂಟಿತು. 1808ರಲ್ಲಿ ಚಾರ್ಲ್ಸ್ ಬ್ಯಾಡಮ್ ‘ಬ್ರಾಂಕೈಟಿಸ್’ ಎಂದು ಹೆಸರಿಸುವ ಹೊತ್ತಿಗೆ ಹೊಸ ಅರ್ಥ ನೆಲೆಯೂರಿತ್ತು. 1886ರಲ್ಲಿ ಬಾಸ್ಟನ್ನಿನ ರೆಜಿನಾಲ್ಡ್ ಫಿಟ್ಜ್ ಬಳಕೆಗೆ ತಂದ ‘ಅಪೆಂಡಿಸೈಟಿಸ್’ನಲ್ಲಿ ಪ್ರಕೃತಿ ಲ್ಯಾಟಿನ್, ಪ್ರತ್ಯಯ ಗ್ರೀಕ್. ಇಂಥ ಬೆರಕೆಯನ್ನು ದೋಷವೆಂದು ನಾನು ಎಣಿಸುವುದಿಲ್ಲ. ಪ್ರತ್ಯಯ ತನ್ನ ಮೂಲಭಾಷೆಯಿಂದ ಬಿಡಿಸಿಕೊಂಡು ಸ್ವತಂತ್ರವಾಯಿತೆಂಬುದಕ್ಕೆ ಅದೇ ಗುರುತು.

ಈಗ ವೈದ್ಯರೇ ಹಿಂದೆ ತಿರುಗಿ ನೋಡುತ್ತಿದ್ದಾರೆ. ಬಹುಕಾಲದ ಸ್ನಾಯುರಜ್ಜು ನೋವಿನಲ್ಲಿ ಉರಿಯೂತಕ್ಕಿಂತ ಸವೆತವೇ ಹೆಚ್ಚೆಂದು ತಿಳಿದು, ‘ಟೆಂಡಿನೈಟಿಸ್’ ಬದಲು ‘ಟೆಂಡಿನೋಪತಿ’ ಎನ್ನುತ್ತಿದ್ದಾರೆ. ಕನ್ನಡದಲ್ಲಿ ವೈದ್ಯಪದಗಳನ್ನು ಕಟ್ಟುವವರಲ್ಲಿ ನನ್ನದೊಂದು ವಿನಂತಿ: ‘ಐಟಿಸ್’ ಕಂಡಲ್ಲೆಲ್ಲ ‘ಉರಿಯೂತ’ ಎಂದು ಬರೆಯುವ ಮುನ್ನ ಆ ರೋಗದಲ್ಲಿ ಉರಿಯೂತ ಇದೆಯೇ ಎಂದು ನೋಡಿ, ಪ್ರಾಚೀನ ಗ್ರೀಕ್ ಗ್ರಂಥಗಳನ್ನು ಅನುವಾದಿಸುವಾಗ ‘ರೋಗ’ ಎಂದಷ್ಟೇ ಬರೆಯಿರಿ.